ಮರುಳಪ್ಪನವರ ಕಿವಿ, ಕಾರಿನ ಟ್ಯಾಂಕು

“ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾಯಸಂದ್ರದಲ್ಲಿ ನಮ್ಮ ಕಾರು ನಿಲ್ತದೆ. ನಾನು ಬಾಗ್ಲು ತೆಗೀತೀನಿ. ನೀನು ಇಳೀತೀಯ. ಟ್ಯಾಂಕು ರಿಪೇರಿ ನಂದು. ಇದು ಮರುಳಪ್ಪನ ಮಾತು ಕಣೇ!”

ಅರಳಗುಪ್ಪೆಯ ಮರುಳಪ್ಪನವರು ಸೋಮವಾರ ಬೆಳಿಗ್ಗೆ ಜಗಲಿಯ ಮೇಲೆ ನಿಂತು, ಎಡಗೈಯಲ್ಲಿ ಕಾಫಿ ಲೋಟ, ಬಲಗೈಯಲ್ಲಿ ಸ್ಪಾನರ್ ಹಿಡಿದು ಹೆಂಡತಿ ಗಿರಿಜಾಂಬಿಕಾಗೆ ಈ ವಾಗ್ದಾನ ಮಾಡಿದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಹೊಳೆಯುತ್ತಿತ್ತು. ಅಂಗಳದಲ್ಲಿ ಅವರ ಬಿಳಿಯ ಹಳೇ ಕಾರು ನಿಂತಿತ್ತು. ಅದರ ಹಿಂಬದಿಯಿಂದ ತೊಟ್ ತೊಟ್ ಎಂದು ಪೆಟ್ರೋಲು ನೆಲಕ್ಕೆ ಬೀಳುತ್ತಿತ್ತು.

ಗಿರಿಜಾಂಬಿಕಾ ನೆಲವನ್ನು ನೋಡಿದರು. ಗಂಡನ ಕೈಯಲ್ಲಿದ್ದ ಸ್ಪಾನರನ್ನು ನೋಡಿದರು. “ಗ್ಯಾರೇಜಿಗೆ ಕೊಟ್ಬುಡಿ ಅಂದ್ರೆ ಕೇಳಲ್ವಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು.

ಮರುಳಪ್ಪನವರು ಹಾಗೆಲ್ಲ ಕೇಳುವವರಲ್ಲ, ಏಕೆಂದರೆ ಅವರಿಗೆ ಎಲ್ಲವೂ ಗೊತ್ತಿತ್ತು. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಗಿರಿಜಾಂಬಿಕಾ ಗಂಡನ ಬಾಯಿಂದ ಕೇಳದೇ ಇದ್ದ ಮಾತು ಒಂದೇ ಒಂದು. ಅದು ‘ಗೊತ್ತಿಲ್ಲ’ ಎಂಬುದು. ದಾರಿಹೋಕರು ಯಾವ ಊರಿನ ದಾರಿ ಕೇಳಿದರೂ ಅವರು ಕೈ ಎತ್ತಿ ತೋರಿಸಿಯೇ ತೋರಿಸುತ್ತಿದ್ದರು. ಹಂದನಕೆರೆಗೆ ಹೋಗಬೇಕಾದ ಮದುವೆ ದಿಬ್ಬಣವೊಂದು ಅವರ ಕೈ ನೋಡಿಕೊಂಡು ಹೋಗಿ ಮಧ್ಯಾಹ್ನ ಮತ್ತೆ ಅರಳಗುಪ್ಪೆಗೇ ಬಂದು ನಿಂತಿತ್ತು. ಆಗಲೂ ಅವರು, “ರಸ್ತೆನೇ ಸರಿ ಇಲ್ಲ, ನಾನೇನ್ ಮಾಡ್ಲಿ?” ಎಂದಿದ್ದರು!

ಈ ಸರ್ವಜ್ಞತ್ವಕ್ಕೆಲ್ಲ ಮೂಲ ಅವರ ಕಿವಿ. ನ್ಯಾಯವಾಗಿ ಹೇಳಬೇಕೆಂದರೆ, ಆ ಕಿವಿ ಸಾಮಾನ್ಯದ್ದಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತ ತೆಂಗಿನಕಾಯಿಯನ್ನು ಕಿವಿಯ ಪಕ್ಕ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ನೀರು ಇಂಗಿದೆಯೋ ಇಲ್ಲವೋ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ, ಇನ್ನೆಷ್ಟು ದಿನ ಅಟ್ಟದಲ್ಲೇ ಇರಬೇಕು, ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಒಡೆದು ನೋಡಿದರೆ ಹಾಗೇ ಇರುತ್ತಿತ್ತು. ತಿಪಟೂರಿನ ಕೊಬ್ಬರಿ ಮಂಡಿಯವರೂ ಅವರಿಗೆ ಕುರ್ಚಿ ಹಾಕುತ್ತಿದ್ದರು.

ತೊಂದರೆ ಏನೆಂದರೆ, ಕಾಯಿಯ ವಿಷಯದಲ್ಲಿ ಸರಿಯಿದ್ದ ವಿದ್ಯೆಯನ್ನು ಅವರು ಜಗತ್ತಿಗೆಲ್ಲ ಅನ್ವಯಿಸಿಬಿಟ್ಟಿದ್ದರು. ಗ್ಯಾಸ್ ಸಿಲಿಂಡರನ್ನು ಬಡಿದು ನೋಡುತ್ತಿದ್ದರು. ನೀರಿನ ಸಿಂಟೆಕ್ಸನ್ನು ಬಡಿದು ನೋಡುತ್ತಿದ್ದರು. ಒಮ್ಮೆ ನೆಂಟರ ಮಗುವಿನ ಹೊಟ್ಟೆಯನ್ನೂ ಬೆರಳಲ್ಲಿ ತಟ್ಟಿ, “ಅಜೀರ್ಣ” ಎಂದಿದ್ದರು. ಆ ಮಗು ಬೆಳಗಿನಿಂದ ಏನೂ ತಿಂದಿರಲಿಲ್ಲ!

ಕಾರನ್ನು ಕೊಂಡದ್ದೂ ಹೀಗೇ. ಚಿಕ್ಕನಾಯಕನಹಳ್ಳಿಯ ದಯಾನಂದ್ ಎಂಬಾತ ತನ್ನ ಇಪ್ಪತ್ತೈದು ವರ್ಷದ ಕಾರನ್ನು ಮಾರಲು ಇಟ್ಟಿದ್ದ. ಬೇರೆಯವರಾಗಿದ್ದರೆ ಎಂಜಿನ್ ನೋಡುತ್ತಿದ್ದರು, ಕಾಗದ ನೋಡುತ್ತಿದ್ದರು. ಮರುಳಪ್ಪನವರು ಬಾನೆಟ್ಟಿನಿಂದ ಡಿಕ್ಕಿಯವರೆಗೂ ಗೆಣ್ಣಿನಿಂದ ತಟ್ಟುತ್ತ ಒಂದು ಸುತ್ತು ಬಂದು, “ಬಲಿತೈತೆ, ಒಳ್ಳೆ ಮಾಲು” ಎಂದರು.

ದಯಾನಂದ್ ಪ್ರಾಮಾಣಿಕ. “ಪೆಟ್ರೋಲ್ ತೋರ್ಸೋ ಮುಳ್ಳು ಮಾತ್ರ ಏಳಲ್ಲ ಸಾರ್” ಎಂದು ಮೊದಲೇ ಹೇಳಿದ.

“ಮುಳ್ಳು ಯಾವನಿಗೆ ಬೇಕಪ್ಪ! ಕಿವಿ ಐತಲ್ಲ!”

ಅಂದಿನಿಂದ ದಿನಾ ಬೆಳಿಗ್ಗೆ ಒಂದು ಪೂಜೆ ಶುರುವಾಯಿತು. ಮರುಳಪ್ಪನವರು ಕಾಯಿ ಸುಲಿಯುವ ಮಚ್ಚನ್ನು ಹಿಡಿದು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂರುವರು. ಮಚ್ಚಿನ ಬೆನ್ನಿನಿಂದ ಟ್ಯಾಂಕಿಗೆ ಟಣ್ ಟಣ್ ಎಂದು ಎರಡು ಏಟು ಹಾಕುವರು. ಕಣ್ಣು ಮುಚ್ಚಿ ತಲೆಯಾಡಿಸಿ, “ಎಂಟೂವರೆ ಲೀಟ್ರು” ಎಂದು ಘೋಷಿಸುವರು. ಎಂಟೂವರೆಯೋ ನಾಲ್ಕೂವರೆಯೋ ಅಳೆದು ನೋಡಿದವರು ಯಾರೂ ಇರಲಿಲ್ಲವಾದ್ದರಿಂದ ಮರುಳಪ್ಪನವರ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ಈಗ ಮಾಯಸಂದ್ರದ ವಿಷಯ. ಅಲ್ಲಿ ಗಿರಿಜಾಂಬಿಕಾ ಅವರ ತಮ್ಮ ರುದ್ರೇಶ್ ಹೊಸ ಮನೆ ಕಟ್ಟಿಸಿದ್ದ. ಶುಕ್ರವಾರ ಗೃಹಪ್ರವೇಶ. ಕರೆಯಲು ಬಂದವನು ಅಂಗಳದಲ್ಲಿದ್ದ ಕಾರನ್ನು ಕಂಡು ಕಿಸಕ್ಕನೆ ನಕ್ಕಿದ್ದ.

“ಭಾವ, ಇದು ಮಾಯಸಂದ್ರದ ಗಂಟ ಬತ್ತದಾ? ಬಂದು ನಮ್ಮನೆ ಬಾಗ್ಲಲ್ಲಿ ನಿಂತ್ರೆ ಸುಮ್ನೆ ಒಳಗೆ ಕರೆಯಲ್ಲ. ನಿಮ್ಗೂ ಅಕ್ಕಂಗೂ ಕಾರಿಗೂ ಸೇರಿಸಿ ಆರತಿ ಎತ್ತಿಸ್ತೀನಿ!”

ಭಾವಮೈದುನ ತಮಾಷೆಗೆ ಹೇಳಿದ್ದ. ಮರುಳಪ್ಪನವರ ಎದೆಗೆ ಅದು ನಾಟಿಕೊಂಡಿತು. ನೂರಾರು ಜನ ನೆಂಟರ ಮುಂದೆ ಕಾರಿನ ಬಾಗಿಲಲ್ಲೇ ಆರತಿ! ಆ ಚಿತ್ರ ಅವರ ಕಣ್ಣಿಗೆ ಕಟ್ಟಿತು.

ಗಿರಿಜಾಂಬಿಕಾಗೂ ಆಸೆ ಇಲ್ಲದೆ ಇರಲಿಲ್ಲ, ಸುಳ್ಳೇಕೆ ಹೇಳಬೇಕು. ಇಪ್ಪತ್ನಾಲ್ಕು ವರ್ಷ ತವರಿಗೆ ಹೋಗಿದ್ದೆಲ್ಲ ಬಸ್ಸಿನಲ್ಲಿ. ಸೀಟು ಸಿಕ್ಕರೆ ತೊಡೆಯ ಮೇಲೆ ಒಂದು ಹೊರೆ ಇದ್ದೇ ಇರುತ್ತಿತ್ತು. ಒಂದು ಸಲ ಹಲಸಿನ ಹಣ್ಣು, ಒಂದು ಸಲ ರಾಗಿ ಹಿಟ್ಟಿನ ಚೀಲ, ಮತ್ತೊಂದು ಸಲ ಯಾರದೋ ಕೋಳಿ. ಒಂದು ಸಲವಾದರೂ ಕೈ ಬೀಸಿಕೊಂಡು, ಸೀರೆಯ ನೆರಿಗೆ ಕೆಡದಂತೆ, ಸ್ವಂತ ಕಾರಿನಿಂದ ತಮ್ಮನ ಮನೆ ಮುಂದೆ ಇಳಿಯಬೇಕು ಎಂಬುದು ಅವರ ಆಸೆ. ಹೊಸ ಮನೆಯ ಮೊದಲ ದೀಪಕ್ಕೆ ತಮ್ಮ ಮರದ್ದೇ ಎಣ್ಣೆ ಆಗಬೇಕೆಂದು, ಸ್ವಂತ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ಹತ್ತು ಲೀಟರಿನ ನೀಲಿ ಕ್ಯಾನಿನಲ್ಲಿ ತರಿಸಿಟ್ಟಿದ್ದರು. ಅದು ಡಿಕ್ಕಿಯಲ್ಲಿ ಹೋಗಬೇಕು, ತೊಡೆಯ ಮೇಲಲ್ಲ!

ಹೀಗೆ ಎಲ್ಲ ಸಿದ್ಧವಾಗಿದ್ದಾಗಲೇ ಟ್ಯಾಂಕು ಸೋರಲು ತೊಡಗಿದ್ದು.

ಮರುಳಪ್ಪನವರು ತಿಪಟೂರಿನ ಗ್ಯಾರೇಜಿನ ಮೋಹನ್ ಕುಮಾರ್‌ಗೆ ಫೋನು ಮಾಡಿದ್ದೇನೋ ನಿಜ. ಅವನು, “ಸಾರ್, ಅದು ಬೆಂಕಿ ಸಾಮಾನು. ನೀವು ಆಟ ಆಡಬೇಡಿ. ಟ್ಯಾಂಕ್ ಇಳಿಸಿ ತಂದ್ರೆ ಚೆನ್ನಾಗಿ ತೊಳೆದು, ನೀರು ತುಂಬಿಸಿ ಆಮೇಲೆ ಬೆಸುಗೆ...” ಎನ್ನುವಷ್ಟರಲ್ಲಿ ಇವರು, “ಗೊತ್ತು ಗೊತ್ತು” ಎಂದು ಫೋನು ಇಟ್ಟರು.

ನೇರ ಆಂಜನಪ್ಪನ ಟೀ ಅಂಗಡಿಗೆ ಹೋದರು. ನಮ್ಮ ಕಡೆಯ ಟೀ ಅಂಗಡಿಯಲ್ಲಿ ಟೀ ಒಂದೇ ಥರ, ಸಲಹೆ ಮಾತ್ರ ನೂರೆಂಟು ಥರ.

“ಸೋಪು ತಿಕ್ಕಿ ಸಾರ್” ಎಂದ ಆಂಜನಪ್ಪ, ಹಾಲು ಎತ್ತಿ ಹೊಯ್ಯುತ್ತ. “ಸೋಪಿಗೂ ಪೆಟ್ರೋಲಿಗೂ ಆಗಿಬರಲ್ಲ. ಹಚ್ಚಿದ್ರೆ ಹಂಗೇ ಹಿಡ್ಕಂಬುಡ್ತದೆ.”

ಮನೆಯಲ್ಲಿ ಬಟ್ಟೆ ಸೋಪು ಮುಗಿದಿತ್ತು. ಗಿರಿಜಾಂಬಿಕಾ ಗೃಹಪ್ರವೇಶದ ದಿನಕ್ಕೆಂದು ತೆಗೆದಿಟ್ಟಿದ್ದ ಗಂಧದ ಸೋಪು ಸಿಕ್ಕಿತು. ಮರುಳಪ್ಪನವರು ಕಾರಿನ ಕೆಳಗೆ ತೂರಿ ಅರ್ಧ ಸೋಪು ತಿಕ್ಕಿದರು. ಆಶ್ಚರ್ಯ! ಸೋರುವುದು ನಿಂತೇಹೋಯಿತು! ವಿಜಯೋತ್ಸವವನ್ನು ಆಚರಿಸದೆ ಇರಲಾದೀತೇ? ಕೊಡಗಟ್ಟಲೆ ನೀರು ಹುಯ್ದು ಕಾರನ್ನು ಮೇಲಿಂದ ಕೆಳಗಿನವರೆಗೂ ತೊಳೆದರು. ಕಾರಿನ ಕೆಳಗಿನಿಂದ ಗಂಧದ ನೊರೆ ಹೊಳೆಯಾಗಿ ಹರಿಯಿತು. ನೊರೆಯ ಹಿಂದೆಯೇ ಪೆಟ್ರೋಲು ಬಂತು.

“ಸ್ನಾನ ಆಯ್ತಾ ಕಾರಿಗೆ?” ಎಂದರು ಗಿರಿಜಾಂಬಿಕಾ. “ಇನ್ನು ವಿಭೂತಿ ಹಚ್ಬುಡಿ.”

ಮಂಗಳವಾರ ಪಕ್ಕದ ಮನೆಯ ಅಂಕಮ್ಮಜ್ಜಿ ಬಂದು, ಬಿರುಕು ಬಿಟ್ಟ ಮಣ್ಣಿನ ಗುಡಾಣಕ್ಕೆ ತಾನು ಬೆಲ್ಲ ಸುಣ್ಣ ಕಲಸಿ ಮೆತ್ತುತ್ತಿದ್ದುದನ್ನು ನೆನಪಿಸಿಕೊಂಡಳು. “ನಮ್ ಗುಡಾಣ ಮೂವತ್ತು ವರ್ಷ ಬಂತು ಕಣಪ್ಪ” ಎಂದಳು. ಗುಡಾಣಕ್ಕೆ ಆದದ್ದು ಟ್ಯಾಂಕಿಗೆ ಆಗದೇ? ಅರ್ಧ ಅಚ್ಚು ಬೆಲ್ಲ ಟ್ಯಾಂಕಿನ ಹೊಟ್ಟೆಗೆ ಅಂಟಿತು. ಬುಧವಾರ ಬೆಳಿಗ್ಗೆ ನೋಡಿದರೆ, ಅಂಗಳದ ಮೂಲೆಯ ತೆಂಗಿನ ಮರದಿಂದ ಕಾರಿನವರೆಗೂ ಕೆಂಜಿಗದ ಸಾಲು ಹರಿದಿತ್ತು! ಬೆಲ್ಲ ಮುಗಿಸಿದ ಇರುವೆಗಳು ಸುಮ್ಮನೆ ಮರಳಲಿಲ್ಲ. ಒಳಗೆ ಹೋಗಿ ಸೀಟನ್ನೂ ಪರೀಕ್ಷಿಸಿದವು. ಮರುಳಪ್ಪನವರು ಹಿಂದಿನ ಸೀಟಿನಲ್ಲಿ ಕೂತು ಯೋಚನೆ ಮಾಡಲು ಹೋಗಿ, ಯೋಚನೆ ಮುಗಿಯುವ ಮೊದಲೇ ಹೊರಗೆ ಹಾರಿದರು.

“ರೀ, ಬಸ್ಸಿಗೇ ಹೋಗೋಣ” ಎಂದರು ಗಿರಿಜಾಂಬಿಕಾ. ದನಿಯಲ್ಲಿ ಕೋಪವಿರಲಿಲ್ಲ. ಬೇಸರವಿತ್ತು. “ತೊಡೆ ಮೇಲೆ ಇಟ್ಕಂಡು ಹೋಗೋದು ನಂಗೇನು ಹೊಸದಲ್ಲ.”

ಆ ಮಾತು ಕೆಂಜಿಗಕ್ಕಿಂತ ಜೋರಾಗಿ ಕಚ್ಚಿತು. “ಕೊಟ್ಟ ಮಾತು ಕೊಟ್ಟಿದ್ದೇ!” ಎಂದು ಮರುಳಪ್ಪನವರು ಗುಡುಗಿದರು.

ಗುರುವಾರ ಮಹಾಯುದ್ಧ. ರಬ್ಬರು ಪೈಪು ಹಾಕಿ, ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದರು. ಕ್ಯಾನು ಯಾವುದು? ಮನೆಯಲ್ಲಿದ್ದ ಇನ್ನೊಂದು ಖಾಲಿ ಕ್ಯಾನು. ಅದೂ ಗಾಣದವನೇ ಕೊಟ್ಟದ್ದು. ಅದೂ ಹತ್ತು ಲೀಟರಿನದು. ಅದೂ ನೀಲಿ. ಸೋರಿ ಉಳಿದ ಪೆಟ್ರೋಲೇ ಕ್ಯಾನಿನ ಕುತ್ತಿಗೆಯವರೆಗೂ ತುಂಬಿತು. ಆಮೇಲೆ ಬೋಲ್ಟು ಬಿಚ್ಚಿ, ಬೆನ್ನು ಕೆರೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ಟ್ಯಾಂಕನ್ನು ಕೆಳಗಿಳಿಸಿದರು. ಹಾರ್ಡ್‌ವೇರ್ ಅಂಗಡಿಯಿಂದ ಎರಡು ಉಂಡೆ ಅಂಟು ತಂದು, ಕರಿಯದನ್ನೂ ಬಿಳಿಯದನ್ನೂ ಚಪಾತಿ ಹಿಟ್ಟಿನಂತೆ ನಾದಿ ತೂತಿನ ಮೇಲೆ ಮೆತ್ತಿದರು. ಜಾಗವನ್ನು ಉಜ್ಜಿ ಒಣಗಿಸಿ ಹಚ್ಚಬೇಕೆಂದು ಪೊಟ್ಟಣದ ಮೇಲೆ ಬರೆದಿತ್ತು. ಅದನ್ನು ಓದುವುದು ಗೊತ್ತಿಲ್ಲದವರ ಕೆಲಸ! ಬೆಲ್ಲ, ಸುಣ್ಣ, ಗಂಧದ ಸೋಪು, ಪೆಟ್ರೋಲು, ಎಲ್ಲದರ ಪಸೆಯ ಮೇಲೆಯೇ ಅಂಟು ಕೂತಿತು. ಸಂಜೆಗೆ ಟ್ಯಾಂಕು ಮತ್ತೆ ತನ್ನ ಜಾಗಕ್ಕೆ ಏರಿತು.

ಇನ್ನು ಪೆಟ್ರೋಲು ಹಾಕಬೇಕು. ಮುಚ್ಚಂಜೆ. ಜಗಲಿಯ ಮೇಲೆ ಮಧ್ಯಾಹ್ನದ ಬಿಸಿಲು ಕಾಯಿಸಿಕೊಂಡು ಎರಡು ನೀಲಿ ಕ್ಯಾನುಗಳು ಅಕ್ಕಪಕ್ಕ ನಿಂತಿದ್ದವು. ಒಂದರಲ್ಲಿ ಪೆಟ್ರೋಲು, ಇನ್ನೊಂದರಲ್ಲಿ ಗಿರಿಜಾಂಬಿಕಾ ಅವರ ಕೊಬ್ಬರಿ ಎಣ್ಣೆ. ಯಾವುದರಲ್ಲಿ ಯಾವುದು?

“ಮೂಸಿ ನೋಡ್ರೀ” ಎಂದರು ಗಿರಿಜಾಂಬಿಕಾ ಒಳಗಿನಿಂದ.

“ಮೂಸೋದೇನು? ನಾಲ್ಕು ದಿನದಿಂದ ನನ್ ಮೀಸೆನೇ ಪೆಟ್ರೋಲ್ ನಾತ. ಮುದ್ದೆ ತಿಂದ್ರೂ ಅದೇ, ಮಜ್ಜಿಗೆ ಕುಡುದ್ರೂ ಅದೇ!”

“ಇರಿ, ಮುಚ್ಚಳ ತೆಗೀರಿ, ನಾನು ಬಂದು ನೋಡ್ತೀನಿ.”

“ಏನೂ ಬ್ಯಾಡ! ಕಿವಿ ಯಾತಕ್ಕೆ ಇರೋದು?”

ಮರುಳಪ್ಪನವರು ಮೊದಲ ಕ್ಯಾನನ್ನು ಎತ್ತಿ ಕಿವಿಯ ಪಕ್ಕ ಅಲ್ಲಾಡಿಸಿದರು. ಸದ್ದಿಲ್ಲ. ಎರಡನೆಯದನ್ನು ಎತ್ತಿ ಅಲ್ಲಾಡಿಸಿದರು. ಚಳಕ್ ಚಳಕ್! ಅವರ ಮುಖ ಅರಳಿತು. “ಚಳಿಗಾಲ. ಎಣ್ಣೆ ಗಟ್ಟಿಯಾಗ್ತಾ ಐತೆ, ಅದ್ಕೇ ಉಸಿರೇ ಇಲ್ಲ. ಇದು ನೋಡು, ತೆಳ್ಳಗೆ ಆಡ್ತೈತೆ. ಇದೇ ಪೆಟ್ರೋಲು!” ಎಂದು ತೀರ್ಪು ಕೊಟ್ಟು, ಎರಡನೆಯ ಕ್ಯಾನನ್ನು ಪೂರ್ತಿ ಟ್ಯಾಂಕಿಗೆ ಸುರಿದರು. ಸುರಿಯುವಾಗ ಕಣ್ಣು ಮೇಲಿರಲಿಲ್ಲ. ಕೆಳಗೆ ತೊಟ್ಟಿಕ್ಕುತ್ತದೆಯೋ ಎಂದು ನೆಲದ ಮೇಲೇ ಇತ್ತು.

ತೊಟ್ಟಿಕ್ಕಲಿಲ್ಲ! ಒಂದು ಹನಿಯೂ ಇಲ್ಲ!

ಶುಕ್ರವಾರ ಮುಂಜಾನೆ ಮೈ ಕೊರೆಯುವ ಚಳಿ. ಮರುಳಪ್ಪನವರು ಎದ್ದವರೇ ಕಾರಿನ ಕೆಳಗೆ ತಲೆ ಹಾಕಿದರು. ನೆಲ ಒಣಗಿ ಧೂಳೆದ್ದಿತ್ತು. ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಕಮ್ಮಜ್ಜಿಯನ್ನು ಕರೆದು ತೋರಿಸಿದರು. ಹಾಲಿನವನನ್ನು ನಿಲ್ಲಿಸಿ ಬಗ್ಗಿಸಿ ತೋರಿಸಿದರು. ಒಣ ನೆಲದ ವೀಡಿಯೊ ಮಾಡಿ ಭಾವಮೈದುನನಿಗೆ ಕಳಿಸಿದರು. ಅದರ ಕೆಳಗೆ, “ಆರತಿ ರೆಡಿ ಮಾಡು” ಎಂದು ಬರೆದರು.

ಅಭ್ಯಾಸ ಬಲ, ಮಚ್ಚು ಹಿಡಿದು ಕೂತು ಟ್ಯಾಂಕಿಗೆ ಎರಡು ಏಟನ್ನೂ ಹಾಕಿದರು. ಟಣ್ ಎನ್ನಬೇಕಾದದ್ದು ಧಪ್ ಎಂದಿತು. “ತುಂಬಿ ತುಳುಕ್ತಾ ಐತೆ” ಎಂದರು.

ಗಿರಿಜಾಂಬಿಕಾ ಉಳಿದ ಅರ್ಧ ಗಂಧದ ಸೋಪಿನಲ್ಲಿ ಮಿಂದು, ರೇಷ್ಮೆ ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ರಾಣಿಯಂತೆ ಕೂತರು. ಎಣ್ಣೆಯ ಕ್ಯಾನು ಡಿಕ್ಕಿಗೆ ಹೋಯಿತು. ಕೀಲಿ ತಿರುಗಿಸಿದರು. ಗುರ್ ಎಂದಿತು! ಪೈಪಿನಲ್ಲೂ ಕಾರ್ಬುರೇಟರಿನಲ್ಲೂ ಒಂದು ಗುಟುಕು ಹಳೇ ಪೆಟ್ರೋಲು ಉಳಿದಿತ್ತಲ್ಲ, ಅದರ ಪುಣ್ಯ. ಕಾರು ಗಾಂಭೀರ್ಯದಿಂದ ಅಂಗಳ ದಾಟಿತು, ಬೀದಿ ದಾಟಿತು. ಆಂಜನಪ್ಪನ ಟೀ ಅಂಗಡಿಯ ಮುಂದೆ ಮರುಳಪ್ಪನವರು ಬೇಕೆಂದೇ ನಿಧಾನ ಮಾಡಿ ಹಾರ್ನ್ ಹೊಡೆದರು. ಎಲ್ಲರೂ ಎದ್ದು ನಿಂತು ನೋಡಿದರು. ಆಗ ಕಾರು ಒಮ್ಮೆ ಬಿಕ್ಕಳಿಸಿತು, ಎರಡು ಸಲ ಕೆಮ್ಮಿತು, ನಿಂತುಹೋಯಿತು.

ತಳ್ಳಿದರು. ಹತ್ತು ಜನ ಸೇರಿ ತಳ್ಳಿದರು. ಬೆವರು ಬಂತೇ ಹೊರತು ಕಾರಿಗೆ ಜೀವ ಬರಲಿಲ್ಲ. ಕಡೆಗೆ ಆಂಜನಪ್ಪನೇ ಮೋಹನ್ ಕುಮಾರ್‌ಗೆ ಫೋನು ಮಾಡಿದ. ಅವನು ಬೈಕಿನಲ್ಲಿ ಬರುವಷ್ಟರಲ್ಲಿ ಎಂಟು ಗಂಟೆ. ಬಂದವನು ಬಾನೆಟ್ಟು ತೆಗೆದು ನೋಡಿ, “ಪೆಟ್ರೋಲೇ ಬರ್ತಿಲ್ಲ. ಟ್ಯಾಂಕ್‌ನಲ್ಲಿ ಎಷ್ಟೈತೆ ಸಾರ್?” ಎಂದ.

“ಒಂಬತ್ತು ಲೀಟ್ರು!” ಎಂದರು ಮರುಳಪ್ಪನವರು, ಒಂದು ಕ್ಷಣವೂ ತಡೆಯದೆ.

ಮೋಹನ್ ಕುಮಾರ್ ಒಂದು ಉದ್ದನೆಯ ತೆಂಗಿನ ಕಡ್ಡಿಯನ್ನು ಟ್ಯಾಂಕಿನ ಬಾಯಿಗೆ ಇಳಿಬಿಟ್ಟ. ಅದು ಅರ್ಧಕ್ಕೇ ನಿಂತಿತು. ಒತ್ತಿ ತಿರುವಿ ಹೊರಗೆಳೆದ. ಕಡ್ಡಿಯ ತುದಿಗೆ ಬೆಣ್ಣೆಯಂಥ ಬಿಳೀ ಮುದ್ದೆ! ಮೂಗಿಗೆ ಹಿಡಿದ. ಆಂಜನಪ್ಪನ ಮೂಗಿಗೂ ಹಿಡಿದ.

“ಇದು ಕೊಬ್ರಿ ಎಣ್ಣೆ ಕಣ್ರೀ!” ಎಂದು ಆಂಜನಪ್ಪ ಕೂಗಿದ. “ಗಾಣದ್ದು! ಫಸ್ಟ್ ಕ್ಲಾಸ್ ಮಾಲು!”

ಗಿರಿಜಾಂಬಿಕಾ ಕಾರಿನಿಂದ ಇಳಿದು ಡಿಕ್ಕಿ ತೆಗೆಸಿದರು. ಕ್ಯಾನಿನ ಮುಚ್ಚಳ ತಿರುಗಿಸಿ ಮೂಸಿದರು. ಮುಚ್ಚಳ ಮುಚ್ಚಿದರು. ಮರುಳಪ್ಪನವರು ಹಿಂದೆಯೇ ಓಡಿ ಬಂದರು.

“ಅಲ್ಲ ಕಣೇ, ಅಲ್ಲಾಡಿಸಿದ್ರೆ ಸದ್ದೇ ಬರ್ಲಿಲ್ಲ. ಅದ್ಕೇ ನಾನು ಎಣ್ಣೆ ಗಟ್ಟಿಯಾಗೈತೆ ಅಂತ...”

“ಕುತ್ತಿಗೆ ಗಂಟ ತುಂಬಿದ್ರೆ ಸದ್ದು ಎಲ್ಲಿಂದ ಬತ್ತದೆ? ಎಳನೀರು ಅಲ್ಲಾಡಿಸಿದ್ರೆ ಸದ್ದು ಬತ್ತದೇನ್ರೀ? ಇದನ್ನ ನಮ್ಮೂರಲ್ಲಿ ನಡೆಯೋಕೆ ಬರೋ ಕೂಸೂ ಹೇಳ್ತದೆ. ಎಣ್ಣೆ ಕ್ಯಾನಲ್ಲಿ ನಾನು ಒಂದು ಚೊಂಬು ಬಗ್ಗಿಸ್ಕಂಡಿದ್ದೆ, ಕಜ್ಜಾಯಕ್ಕೆ. ಬಿಸಿಲಲ್ಲಿ ಕಾದಿತ್ತು. ಅದು ಚಳಕ್ ಅಂತು!”

ಅಷ್ಟರಲ್ಲಿ ಕಾರಿನ ಕೆಳಗೆ ಮಲಗಿದ್ದ ಮೋಹನ್ ಕುಮಾರ್ ಅಲ್ಲಿಂದಲೇ ಇನ್ನೊಂದು ಬಾಣ ಬಿಟ್ಟ. “ಅಂಟೇನೂ ಹಿಡಿದಿಲ್ಲ ಸಾರ್, ಸಿಪ್ಪೆ ಥರ ಎದ್ದು ಬರ್ತೈತೆ. ಚಳಿಗೆ ಎಣ್ಣೆ ಹೆಪ್ಪುಗಟ್ಟಿ ತೂತು ಮುಚ್ಚೈತೆ, ಅದ್ಕೇ ಸೋರಿಲ್ಲ. ಬಿಸಿಲು ಏರ್ಲಿ, ಶುರುವಾಗ್ತದೆ. ಅದಿರ್ಲಿ, ಈ ತೂತು ತುಕ್ಕು ಹಿಡಿದು ಆಗಿದ್ದಲ್ಲ. ಇಲ್ಲಿ ನೂರು ಪೆಟ್ಟು ಬಿದ್ದಿರೋ ಗುರುತೈತೆ, ಎಲ್ಲಾ ಒಂದೇ ಜಾಗದಲ್ಲಿ. ಯಾರೋ ದಿನಾ ಏನ್ರಲ್ಲೋ ಬಡಿದವ್ರೆ!”

ಹಿಂದಿನ ಸೀಟಿನ ಕೆಳಗಿನಿಂದ ಮಚ್ಚಿನ ಹಿಡಿ ಇಣುಕುತ್ತಿತ್ತು. ಎಲ್ಲರೂ ಅದನ್ನೇ ನೋಡಿದರು. ಮರುಳಪ್ಪನವರು ಆಕಾಶ ನೋಡಿದರು.

“ಬಸ್ಸು ಎಷ್ಟೊತ್ತಿಗೆ ಆಂಜನಪ್ಪ?” ಎಂದು ಗಿರಿಜಾಂಬಿಕಾ ಸೆರಗು ಸರಿಮಾಡಿಕೊಂಡರು.

“ಹೋಯ್ತಲ್ಲ ತಾಯಿ. ನಿಮ್ ಕಾರು ತಳ್ತಾ ಇದ್ವಲ್ಲ, ಆವಾಗ್ಲೇ. ನಾವೇ ಪಕ್ಕಕ್ಕೆ ಸರಿದು ದಾರಿ ಬುಟ್ವಿ.”

ಈಗ ಮರುಳಪ್ಪನವರಿಗೆ ನಿಜವಾಗಿಯೂ ಸಂಕಟವಾಯಿತು. ಆರತಿ ಹೋದರೆ ಹೋಗಲಿ. ಹೆಂಡತಿ ತಮ್ಮನ ಮನೆಯ ಗೃಹಪ್ರವೇಶಕ್ಕೇ ಇಲ್ಲದಂತಾಯಿತಲ್ಲ! ಅವರು ಮೋಹನ್ ಕುಮಾರ್‌ನ ಕೈ ಹಿಡಿದುಕೊಂಡರು. “ಏನಾದ್ರೂ ಮಾಡಪ್ಪ” ಎಂದರು. ಹಾಗೆ ಬೇಡಿಕೊಳ್ಳುವುದು ಅವರ ಬಾಯಿಗೆ ಹೊಸದು.

ಮೋಹನ್ ಕುಮಾರ್ ತಲೆ ಕೆರೆದುಕೊಂಡ. “ಒಂದು ಉಪಾಯ ಐತೆ. ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ. ಟ್ಯಾಂಕ್ ಬಿಟ್ಟಾಕಿ, ಪೈಪನ್ನ ನೇರ ಪೆಟ್ರೋಲ್ ಕ್ಯಾನಿಗೇ ಕೊಡ್ತೀನಿ. ಆದ್ರೆ ಕ್ಯಾನು ಎತ್ತರದಲ್ಲಿರ್ಬೇಕು, ಅಲ್ಲಾಡ್ಬಾರ್ದು. ಬೆಂಕಿ ಹತ್ರ ಸುಳೀಬಾರ್ದು. ಮುಂದಿನ ಸೀಟಲ್ಲಿ ಯಾರಾದ್ರೂ ಗಟ್ಟಿಯಾಗಿ ಹಿಡ್ಕಂಡು ಕೂತ್ಕಬೇಕು. ತೊಡೆ ಮೇಲೆ.”

ಎಲ್ಲರ ಕಣ್ಣೂ ಗಿರಿಜಾಂಬಿಕಾ ಕಡೆ ತಿರುಗಿತು.

ಅವರು ಒಂದು ನಿಮಿಷ ಗಂಡನನ್ನೇ ದಿಟ್ಟಿಸಿದರು. ಆಮೇಲೆ ಮುಂದಿನ ಸೀಟಿನಲ್ಲಿ ಕೂತು, ರೇಷ್ಮೆ ಸೀರೆಯ ಮೇಲೆ ಒಂದು ಗೋಣಿಚೀಲ ಹಾಸಿಕೊಂಡು ಕೈ ಚಾಚಿದರು. “ಕೊಡಪ್ಪ ಇತ್ಲಾಗೆ. ಕೋಳಿಗಿಂತ ವಾಸಿ, ಒದೆಯಲ್ಲ.”

ಹೀಗೆ ಸ್ವಂತ ಕಾರಿನಲ್ಲಿ, ತೊಡೆಯ ಮೇಲೆ ಹತ್ತು ಲೀಟರಿನ ಹೊರೆ ಹೊತ್ತು, ಕಿಟಕಿಯಿಂದ ಬಾನೆಟ್ಟಿಗೆ ಹೋಗುವ ಪೈಪನ್ನು ಎಡಗೈಲಿ ಎತ್ತಿ ಹಿಡಿದು ಗಿರಿಜಾಂಬಿಕಾ ತವರಿಗೆ ಹೊರಟರು. ಮಚ್ಚು ಆಂಜನಪ್ಪನ ಅಂಗಡಿಯಲ್ಲೇ ಉಳಿಯಿತು. ಅದು ಗಿರಿಜಾಂಬಿಕಾ ಅವರ ಷರತ್ತು. ದಾರಿಯಲ್ಲಿ ಮರುಳಪ್ಪನವರು ಮೂರು ಸಲ ಮಾತಿಗೆ ಬಾಯಿ ತೆರೆದರು. ಮೂರು ಸಲವೂ, “ರಸ್ತೆ ನೋಡಿ” ಎಂಬ ಉತ್ತರ ಬಂತು. ತುರುವೇಕೆರೆ ದಾಟುವ ಹೊತ್ತಿಗೆ ಬಿಸಿಲು ಏರಿತು. ಟ್ಯಾಂಕಿನ ಎಣ್ಣೆ ಕರಗಿತು. ಕಾರಿನ ಹಿಂದೆ ರಸ್ತೆಯುದ್ದಕ್ಕೂ ತೊಟ್ ತೊಟ್ ಎಂದು ಕೊಬ್ಬರಿ ಎಣ್ಣೆಯ ಸಾಲು ಬಿತ್ತು. ಮಾಯಸಂದ್ರದ ಹತ್ತಿರ ಎರಡು ನಾಯಿಗಳು ಅದನ್ನು ನೆಕ್ಕುತ್ತ ಹಿಂಬಾಲಿಸಿದವು.

ಹತ್ತೂಕಾಲಕ್ಕೆ ಕಾರು ಹೊಸ ಮನೆಯ ಮುಂದೆ ಬಂದು ನಿಂತಿತು! ನಿಂತೇಬಿಟ್ಟಿತು! ಚಪ್ಪರದ ತುಂಬ ನೆಂಟರು. ರುದ್ರೇಶ್ ಬೆಳಗಿನ ವೀಡಿಯೊ ನೋಡಿ ಮಾತು ಉಳಿಸಿಕೊಂಡಿದ್ದ. ಅವನ ಹೆಂಡತಿ ಇಂಪನಾ ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು, ಐದು ಜನ ಮುತ್ತೈದೆಯರೊಂದಿಗೆ ನಗುನಗುತ್ತ ಕಾರಿನತ್ತಲೇ ಬರುತ್ತಿದ್ದಳು. ವಾಲಗದವರೂ ಊದಲು ಶುರುಮಾಡಿದರು.

ವಾರವಿಡೀ ಕನಸಿನಲ್ಲಿ ಕಂಡ ಆರತಿ! ಅದು ಹತ್ತಡಿ ದೂರಕ್ಕೆ ಬಂದಾಗ ಮರುಳಪ್ಪನವರ ದೃಷ್ಟಿ ಹೆಂಡತಿಯ ತೊಡೆಯ ಮೇಲೆ ಬಿತ್ತು.

“ಅಯ್ಯೋ! ಆರಿಸ್ರೋ! ಆರತಿ ಆರಿಸ್ರೋ!” ಎಂದು ಕಿರುಚುತ್ತ ಬಾಗಿಲು ತೆಗೆದು ಹಾರಿದರು. ಎರಡೂ ಕೈ ಅಗಲಿಸಿ ಆರತಿಗೆ ಅಡ್ಡ ನಿಂತರು. “ಬರಬ್ಯಾಡಿ! ಹಿಂದಕ್ಕೆ ಹೋಗ್ರಮ್ಮಾ! ದಮ್ಮಯ್ಯ ಅಂತೀನಿ!”

ಮುತ್ತೈದೆಯರು ಚೆಲ್ಲಾಪಿಲ್ಲಿಯಾದರು. ವಾಲಗ ಅರ್ಧಕ್ಕೆ ನಿಂತಿತು. ಆರತಿ ತಟ್ಟೆ ಓಡಿಹೋಗಿ ಮನೆಯ ಹಿತ್ತಿಲು ಸೇರಿತು. ತಮ್ಮ ಆರತಿಯನ್ನು ತಾವೇ ಅಟ್ಟಿಸಿಕೊಂಡು ಹೋದ ಮೊದಲ ನೆಂಟರೆಂಬ ಕೀರ್ತಿ ಮರುಳಪ್ಪನವರದಾಯಿತು.

ಗಿರಿಜಾಂಬಿಕಾ ಮೆಲ್ಲನೆ ಇಳಿದರು. ಪೈಪು ಕಳಚಿ, ಕ್ಯಾನನ್ನು ತಾವೇ ಎತ್ತಿಕೊಂಡು ಹೋಗಿ, ದೂರದ ತೆಂಗಿನ ಮರದಾಚೆ ಇಟ್ಟು ಬಂದರು. ಅಷ್ಟರಲ್ಲಿ ಇಂಪನಾ ಉಸಿರು ಬಿಡುತ್ತ ಬಂದು, “ಅತ್ಗೆ, ದೀಪದ ಎಣ್ಣೆ ಅದೇ ಕ್ಯಾನಲ್ಲೈತಾ? ತಂದು ದೀಪಕ್ಕೆ ಹಾಕ್ಲಾ?” ಎಂದು ಅತ್ತ ಹೆಜ್ಜೆ ಹಾಕಿದಳು.

“ಅದು ಮುಟ್ಟಬ್ಯಾಡ ಕಣಮ್ಮಾ!” ಎಂದು ಗಂಡ ಹೆಂಡತಿ ಒಟ್ಟಿಗೇ ಕೂಗಿದರು. ಅವರಿಬ್ಬರೂ ಒಂದೇ ಮಾತಾಡಿದ್ದು ಆ ವಾರದಲ್ಲಿ ಅದೇ ಮೊದಲು.

ರುದ್ರೇಶ್‌ಗೆ ತಲೆಬುಡ ತಿಳಿಯಲಿಲ್ಲ. “ಹಂಗಾರೆ ದೀಪದ ಎಣ್ಣೆ ಎಲ್ಲಿ ಅಕ್ಕ?”

ಗಿರಿಜಾಂಬಿಕಾ ಬೆರಳು ತೋರಿಸಿದರು. ಹೊಸ ಮನೆಯ ಮುಂದಿನ ರಂಗೋಲಿಯ ನಟ್ಟನಡುವೆ, ಕಾರಿನ ಹೊಟ್ಟೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ರುದ್ರೇಶ್ ಬಗ್ಗಿ, ಬೆರಳಲ್ಲಿ ಮುಟ್ಟಿ, ಮೂಸಿ ನೋಡಿದ. ಅವನ ಹುಬ್ಬು ಮೇಲೇರಿತು. ಅವನು ನಗಲಿಲ್ಲ. ನಗುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇತ್ತಲ್ಲ.

“ಭಾವ, ಟ್ಯಾಂಕಲ್ಲಿ ಇನ್ನೆಷ್ಟೈತೆ?”

ನೆಂಟರೆಲ್ಲ ಸುತ್ತ ನೆರೆದಿದ್ದರು. ಮರುಳಪ್ಪನವರ ಬಲಗೈ ತಾನಾಗಿಯೇ ಎದ್ದಿತು. ಗೆಣ್ಣು ಮಡಚಿತು. ಟ್ಯಾಂಕಿನ ಕಡೆ ಬಗ್ಗಿದರು. ಆಗ ಹೆಂಡತಿಯ ಮುಖ ಕಂಡಿತು, ಸೀರೆಯ ನೆರಿಗೆಯ ಮೇಲೆ ಕ್ಯಾನಿನ ಗುಂಡು ಅಚ್ಚು ಕಂಡಿತು. ಕೈ ಮೆಲ್ಲಗೆ ಕೆಳಗಿಳಿಯಿತು. ಎರಡು ಸಲ ಪ್ರಯತ್ನಿಸಿದರು. ಮೂರನೆಯ ಸಲಕ್ಕೆ ಮಾತು ಹೊರಬಿತ್ತು.

“ಗೊತ್ತಿಲ್ಲ ಕಣಪ್ಪ.”

ಗಿರಿಜಾಂಬಿಕಾ ಒಂದು ಗಳಿಗೆ ನಂಬದವರಂತೆ ನಿಂತರು. ಆಮೇಲೆ ಹಿತ್ತಿಲ ಕಡೆ ತಿರುಗಿ, ಇಡೀ ಮಾಯಸಂದ್ರಕ್ಕೆ ಕೇಳುವಂತೆ ಕೂಗಿದರು:

“ಇಂಪನಾ, ಈಗ ತಾರಮ್ಮ ಆರತಿ! ಕಾರಿಗಲ್ಲ, ಇವ್ರಿಗೆ!”